ರಾಕ್ ಗಿಟಾರ್ ಸೋಲೋ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಹುಡುಗ ಹುಡುಗಿಯರು, ಮತ್ತೆ ಕೆಲವು ಸಲ ಅವರ ಅಪ್ಪಂದಿರು, ನನ್ನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ವಾಟ್ಸಾಪಿನಲ್ಲಿ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುವುದಕ್ಕಿಂತ ಒಂದೇ ಕಡೆ ಬರೆದಿಡುವುದು ಲೇಸು. ಆಯ್ಕೆ ಪೂರ್ತಿ ನನ್ನದು. ಜಗಳಕ್ಕೆ ಬರುವವರು ಹಾಡು ಕೇಳಿಕೊಂಡು ಬನ್ನಿ.

ಗಿಟಾರ್ ಸೋಲೋ ಅಂದರೆ ಎಂತ?

ಹಾಡುವವ ಬಾಯಿ ಮುಚ್ಚಿ, ಗಿಟಾರಿನವ ಮುಂದೆ ಬಂದು ನುಡಿಸುವ ಭಾಗ. ಹಿಂದೆ ಡ್ರಮ್ಸ್, ಬೇಸ್ (ತಗ್ಗು ಸ್ವರದ ಗಿಟಾರ್), ಇನ್ನೊಂದು ಗಿಟಾರ್ ನಡೆಯುತ್ತಲೇ ಇರುತ್ತವೆ. ಹದಿನೈದು ಸೆಕೆಂಡಿನದ್ದೂ ಉಂಟು, ನಾಲ್ಕು ನಿಮಿಷದ್ದೂ ಉಂಟು. ಇಷ್ಟು ಸಾಕು.

ಇದುವರೆಗೆ ಒಂದೂ ಗಮನವಿಟ್ಟು ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?

‘ಹೋಟೆಲ್ ಕ್ಯಾಲಿಫೋರ್ನಿಯಾ’. ಎಲ್ಲರೂ ಅದನ್ನೇ ಹೇಳುತ್ತಾರೆ ಅಂತ ಮೂಗು ಮುರಿಯಬೇಡಿ, ಎಲ್ಲರೂ ಹೇಳುವುದಕ್ಕೆ ಕಾರಣ ಉಂಟು. ಈಗಲ್ಸ್ ತಂಡದ ಹಾಡು, 1976ರ ಆಲ್ಬಂ. ಆರೂವರೆ ನಿಮಿಷದಲ್ಲಿ ಕೊನೆಯ ಎರಡು ನಿಮಿಷಕ್ಕೂ ಮಿಕ್ಕಿ ಬರೀ ಗಿಟಾರೇ. ಮೊದಲು ಡಾನ್ ಫೆಲ್ಡರ್ ಹಿಡಿಯುತ್ತಾರೆ, ಆಮೇಲೆ ಜೋ ವಾಲ್ಶ್. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ತುಣುಕು ಚಿಕ್ಕದಾಗುತ್ತಾ ಬರುತ್ತದೆ, ಕೊನೆಗೆ ಇಬ್ಬರೂ ಸೇರಿ ಜೋಡಿ ಸ್ವರದಲ್ಲಿ ಇಳಿಯುತ್ತಾರೆ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡರೆ ತಲಪಾಡಿ ದಾಟುವ ಮೊದಲು ಏಳೆಂಟು ಸಲ ಕೇಳಬಹುದು; ಹೆದ್ದಾರಿ ಕೆಲಸ ನಡೆಯುವ ದಿನವಾದರೆ ಇನ್ನೂ ಹೆಚ್ಚು.

ಇದರ ಹಿಂದೆ ಒಂದು ತಮಾಷೆಯೂ ಉಂಟು. ಫೆಲ್ಡರ್ ಮನೆಯಲ್ಲಿ ಒಂದು ಡೆಮೋ ಕ್ಯಾಸೆಟ್ ಮಾಡಿದ್ದರು, ಶ್ರುತಿ ಇ ಮೈನರ್‌ನಲ್ಲಿ. ಡಾನ್ ಹೆನ್ಲಿಯ ಕಂಠಕ್ಕೆ ಹೊಂದುವುದಿಲ್ಲವೆಂದು ಅದನ್ನು ಬಿ ಮೈನರ್‌ಗೆ ತಂದರು. ಮಯಾಮಿಯ ಸ್ಟುಡಿಯೋದಲ್ಲಿ ಸೋಲೋ ಹೊತ್ತಿಗೆ ಫೆಲ್ಡರ್ ಹೊಸದಾಗಿ ಏನೋ ನುಡಿಸಲು ಹೊರಟಾಗ ಹೆನ್ಲಿ ತಡೆದರು: ಕ್ಯಾಸೆಟ್ಟಿನಲ್ಲಿ ಇದ್ದದ್ದೇ ಆಗಬೇಕು. ಆ ಕ್ಯಾಸೆಟ್ ಇದ್ದದ್ದು ಲಾಸ್ ಏಂಜಲೀಸ್ ಕಡೆಯ ಮನೆಯಲ್ಲಿ. ಮನೆಗೆಲಸದವರಿಗೆ ಫೋನ್ ಮಾಡಿ, ಕ್ಯಾಸೆಟ್ ಹುಡುಕಿಸಿ, ರಿಸೀವರ್ ಮುಂದೆ ಹಾಕಿಸಿ, ಅದನ್ನು ಕೇಳಿಕೊಂಡು ತಮ್ಮದೇ ಸೋಲೋವನ್ನು ಫೆಲ್ಡರ್ ಮತ್ತೆ ಕಲಿತರು. ‘ಸ್ಫೂರ್ತಿ ಬಂದಾಗ ಕೈ ತಾನಾಗಿ ಓಡುತ್ತದೆ’ ಅನ್ನುವವರಿಗೆ ನಾನು ಈ ಕತೆ ಹೇಳುವುದುಂಟು.

ಯಕ್ಷಗಾನ, ಭಜನೆ ಕೇಳಿ ಬೆಳೆದ ಕಿವಿ ನಮ್ಮದು. ಇದು ನಮಗೆ ಹತ್ತುತ್ತದಾ?

ಹತ್ತುತ್ತದೆ, ಆದರೆ ಒಂದು ಅಭ್ಯಾಸ ಬದಲಾಗಬೇಕು. ಈ ಪುಟದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು. ಭಾಗವತರು ಪದ್ಯ ಎತ್ತಿದಾಗ ಶ್ರುತಿ ಕೂತಲ್ಲಿಂದ ಅಲುಗುವುದಿಲ್ಲ. ಷಡ್ಜ ಒಂದೇ, ರಾಗ ಅದರ ಮೇಲೆ ಏರುತ್ತದೆ, ಇಳಿಯುತ್ತದೆ. ಹಾಗಾಗಿ ನಮ್ಮ ಕಿವಿ ಮೇಲಿನ ಗೆರೆಯನ್ನು ಮಾತ್ರ ಹಿಂಬಾಲಿಸುತ್ತದೆ. ಅದೇ ಕಿವಿಯಿಂದ ರಾಕ್ ಸೋಲೋ ಕೇಳಿದರೆ ಅರ್ಧ ಮಾತ್ರ ಸಿಗುವುದು. ಯಾಕೆಂದರೆ ಅಲ್ಲಿ ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಮೂರು ನಾಲ್ಕು ಸ್ವರಗಳ ಗುಂಪು, ಬದಲಾಗುತ್ತಾ ಹೋಗುತ್ತದೆ. ಗಿಟಾರಿನವ ಒಂದೇ ಸ್ವರವನ್ನು ಹಿಡಿದು ನಿಂತಿದ್ದರೂ ಕೆಳಗೆ ಕಾರ್ಡ್ ಬದಲಾದ ಕ್ಷಣ ಆ ಸ್ವರದ ಬಣ್ಣವೇ ಬೇರೆ. ಈಗಷ್ಟೇ ನೆಮ್ಮದಿಯಾಗಿ ಕೂತಿದ್ದ ಸ್ವರ ಚಡಪಡಿಸಲು ಶುರು ಮಾಡುತ್ತದೆ.

ಹಾಗಾಗಿ ನನ್ನ ಸಲಹೆ: ಮೊದಲ ಸಲ ಸೋಲೋ ಕೇಳಿ. ಎರಡನೇ ಸಲ ಗಿಟಾರನ್ನು ಬಿಟ್ಟು ಬೇಸ್ ಕೇಳಿ, ಬಾಯಲ್ಲಿ ಬೇಸ್ ಗುನುಗಿ; ಕಾರ್ಡ್ ಬದಲಾದದ್ದು ಹೆಚ್ಚಾಗಿ ಅದರಲ್ಲೇ ತಿಳಿಯುವುದು. ಮೂರನೇ ಸಲ ಎರಡನ್ನೂ ಒಟ್ಟಿಗೆ. ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ, ಆದ್ದರಿಂದ ಇಯರ್‌ಫೋನ್ ಕಡ್ಡಾಯ.

ಒಂದು ಉದಾಹರಣೆ ಕೊಡಿ. ಸಂಗೀತ ಕ್ಲಾಸಿಗೆ ಹೋಗಿದ್ದೇನೆ, ಸ್ವರದ ಹೆಸರು ಹೇಳಿದರೆ ತಿಳಿಯುತ್ತದೆ.

ಹಾಗಾದರೆ ‘ಹೋಟೆಲ್ ಕ್ಯಾಲಿಫೋರ್ನಿಯಾ’ವನ್ನೇ ಬಿಡಿಸೋಣ. ಸೋಲೋ ಅಡಿಯಲ್ಲಿ ಎಂಟು ಕಾರ್ಡಿನ ಒಂದು ಸುತ್ತು: ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ‘ಬಿ’ಯನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಎಫ್ ಶಾರ್ಪ್ ಕಾರ್ಡಿನ ಒಳಗೆ ಕಾಕಲಿ ನಿಷಾದ ಉಂಟು. ಅದರ ಬೆನ್ನಿಗೇ ಬರುವ ಎ ಕಾರ್ಡಿನಲ್ಲಿ ಕೈಶಿಕಿ ನಿಷಾದ. ಮುಂದಿನ ಇ ಕಾರ್ಡಿನಲ್ಲಿ ಚತುಶ್ರುತಿ ಧೈವತ. ಅದರ ಮುಂದಿನ ಜಿ ಕಾರ್ಡಿನಲ್ಲಿ ಶುದ್ಧ ಧೈವತ. ಒಂದೇ ಸುತ್ತಿನಲ್ಲಿ ಎರಡೂ ನಿಷಾದ, ಎರಡೂ ಧೈವತ! ನಮ್ಮ ಲೆಕ್ಕದಲ್ಲಿ ಕೀರವಾಣಿಯೂ ಅಲ್ಲ, ನಟಭೈರವಿಯೂ ಅಲ್ಲ, ಖರಹರಪ್ರಿಯವೂ ಅಲ್ಲ, ಮೂರರ ನೆರಳೂ ಬಂದು ಹೋಗುತ್ತದೆ. ಕೊನೆಯಲ್ಲಿ ಇಬ್ಬರೂ ಜೋಡಿಯಾಗಿ ನುಡಿಸುವ ಭಾಗ ಉಂಟಲ್ಲ, ಅಲ್ಲಿ ಅವರು ಮಾಡುವುದು ಇಷ್ಟೇ: ಪ್ರತಿ ಕಾರ್ಡನ್ನು ಒಡೆದು ಒಂದೊಂದೇ ಸ್ವರವಾಗಿ ಇಳಿಸುತ್ತಾರೆ. ಅಷ್ಟು ಹೊತ್ತು ಕೆಳಗೆ ಅಡಗಿದ್ದದ್ದು ಆಗ ಮೇಲೆ ಬಂದು ಕಾಣಿಸುತ್ತದೆ.

ಸ್ವರದ ಹೆಸರು ಗೊತ್ತಿಲ್ಲದವರಿಗೆ?

ಬೀಟಲ್ಸ್ ತಂಡದ ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಹಾಕಿ, 1968ರದ್ದು. ಹಾಡು ಜಾರ್ಜ್ ಹ್ಯಾರಿಸನ್‌ರದ್ದು. ಸೋಲೋ ನುಡಿಸಿದ್ದು ಅವರಲ್ಲ, ಗೆಳೆಯ ಎರಿಕ್ ಕ್ಲಾಪ್ಟನ್. ಬೇಸ್ ಒಂದೊಂದೇ ಮೆಟ್ಟಿಲು ಇಳಿಯುವುದು ಯಾರಿಗಾದರೂ ಕೇಳಿಸುತ್ತದೆ: ಎ, ಜಿ, ಎಫ್ ಶಾರ್ಪ್, ಎಫ್. ಕ್ಲಾಪ್ಟನ್ ಮೇಲೆ ತಂತಿ ಎಳೆದೆಳೆದು ಅಳಿಸುತ್ತಿರುವಾಗ ಕೆಳಗೆ ಈ ಇಳಿತ ನಡೆಯುತ್ತಲೇ ಇರುತ್ತದೆ. ಬೇಸ್ ತೆಗೆದರೆ ಆ ಅಳು ಇಷ್ಟು ತಟ್ಟುವುದಿಲ್ಲ.

ಎಲ್ಲ ಬಿಡಿ. ನಿಮ್ಮ ನಂಬರ್ ಒನ್ ಯಾವುದು?

‘ಕಂಫರ್ಟಬ್ಲಿ ನಂಬ್’. ಪಿಂಕ್ ಫ್ಲಾಯ್ಡ್, ‘ದಿ ವಾಲ್’ ಆಲ್ಬಂ, 1979. ನುಡಿಸಿದವರು ಡೇವಿಡ್ ಗಿಲ್ಮೋರ್.

ಇದರಲ್ಲಿ ಎರಡು ಸೋಲೋ. ಮೊದಲಿನದ್ದು ಡಿ ಮೇಜರ್‌ನಲ್ಲಿ, ಚಿಕ್ಕದು, ಬೆಳಕಾದದ್ದು. ಜನ ಅದನ್ನು ಮರೆತೇ ಬಿಡುತ್ತಾರೆ, ನನಗೆ ಅದೂ ಬೇಕು. ಎರಡನೆಯದು ಬಿ ಮೈನರ್‌ನಲ್ಲಿ, ಹಾಡು ಮುಗಿಯುವವರೆಗೂ ಹೋಗುತ್ತದೆ. ಬಿ ಮೈನರ್, ಎ, ಜಿ, ಇ ಮೈನರ್ ಅಂತ ಕಾರ್ಡ್ ಇಳಿಯುತ್ತಾ ಹೋಗುತ್ತವೆ. ಗಿಟಾರ್ ಮಾತ್ರ ಮೇಲಕ್ಕೆ ಹತ್ತುತ್ತದೆ. ಶುರುವಿನಲ್ಲಿ ಗಿಲ್ಮೋರ್‌ಗೆ ಗಡಿಬಿಡಿಯೇ ಇಲ್ಲ. ಎರಡು ಮೂರು ಸ್ವರ ಎಳೆಯುತ್ತಾರೆ, ಬಿಡುತ್ತಾರೆ, ಜಾಗ ಖಾಲಿ ಇಡುತ್ತಾರೆ. ಆ ಖಾಲಿ ಜಾಗದಲ್ಲಿ ಬೇಸ್ ಕೇಳಿಸುತ್ತದೆ. ಆಮೇಲೆ ನಿಧಾನವಾಗಿ ಖಾಲಿ ತುಂಬುತ್ತಾ ಬರುತ್ತದೆ, ಕೊನೆಯ ಹೊತ್ತಿಗೆ ಉಸಿರಾಡಲೂ ಎಡೆಯಿಲ್ಲ. ಆಗ ವಾಲ್ಯೂಮ್ ಇಳಿಸಿ ಹಾಡು ಮುಗಿಸುತ್ತಾರೆ. ಒಳ್ಳೆಯ ಹೊತ್ತಿಗೆ ಪರದೆ ಎಳೆಯುವುದು ನನಗೆ ಈಗಲೂ ಸಿಟ್ಟು ಬರಿಸುವ ವಿಷಯ. ಲೈವ್ ರೆಕಾರ್ಡಿಂಗ್‌ಗಳಲ್ಲಿ ಅವರು ಇದನ್ನು ಸಾಕೆನಿಸುವಷ್ಟು ಉದ್ದ ನುಡಿಸುತ್ತಾರೆ, ಆದ್ದರಿಂದ ಕ್ಷಮಿಸಿದ್ದೇನೆ.

ಇದೂ ಒಂದೇ ಏಟಿಗೆ ಬಂದದ್ದಲ್ಲ. ಗಿಲ್ಮೋರ್ ಐದಾರು ಸಲ ನುಡಿಸಿ, ಕೂತು ಕೇಳಿ, ಯಾವ ಟೇಕಿನಲ್ಲಿ ಯಾವ ತುಣುಕು ಚೆನ್ನಾಗಿ ಬಂದಿದೆ ಅಂತ ಕಾಗದದಲ್ಲಿ ಗುರುತು ಹಾಕಿ, ಅವನ್ನು ಜೋಡಿಸಿದರು. ಅದನ್ನು ನುಡಿಸಿದ ಕಪ್ಪು ಸ್ಟ್ರಾಟೋಕಾಸ್ಟರ್ ಗಿಟಾರ್ 2019ರಲ್ಲಿ ಹರಾಜಿನಲ್ಲಿ 39,75,000 ಡಾಲರಿಗೆ ಹೋಯಿತು. ಆ ಹರಾಜಿನ ಹಣವನ್ನೆಲ್ಲ ಅವರು ಹವಾಮಾನ ಬದಲಾವಣೆಯ ವಿರುದ್ಧ ಹೋರಾಡುವ ಸಂಸ್ಥೆಗೆ ಕೊಟ್ಟರು.

‘ಸ್ಟೇರ್‌ವೇ ಟು ಹೆವನ್’ ಅಲ್ಲವಾ ನಂಬರ್ ಒನ್?

ಲೆಡ್ ಜೆಪ್ಪೆಲಿನ್, 1971. ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಜಿಮ್ಮಿ ಪೇಜ್ ಆ ಸೋಲೋ ನುಡಿಸಿದ್ದು ಜೆಫ್ ಬೆಕ್ ಉಡುಗೊರೆ ಕೊಟ್ಟ ಹಳೆಯ ಟೆಲಿಕಾಸ್ಟರ್‌ನಲ್ಲಿ. ವೇದಿಕೆಯಲ್ಲಿ ಎರಡು ಕುತ್ತಿಗೆಯ ಗಿಟಾರ್ ಹಿಡಿದ ಚಿತ್ರ ನೋಡಿ ಅದರಲ್ಲೇ ರೆಕಾರ್ಡ್ ಆದದ್ದು ಅಂದುಕೊಳ್ಳುವವರು ಬಹಳ. ಕಾರ್ಡ್ ಮೂರೇ: ಎ ಮೈನರ್, ಜಿ, ಎಫ್. ಪೇಜ್ ಹೆಚ್ಚಿನಂಶ ಎ ಮೈನರಿನ ಐದು ಸ್ವರದಲ್ಲೇ ಓಡಾಡುತ್ತಾರೆ, ಎಫ್ ಕಾರ್ಡ್ ಬಂದಾಗ ಮಾತ್ರ ಆ ಐದರಲ್ಲಿ ಇಲ್ಲದ ಎಫ್ ಸ್ವರಕ್ಕೆ ಬಂದು ಇಳಿಯುತ್ತಾರೆ. ಆ ಒಂದು ಇಳಿತಕ್ಕೆ ನಾನು ಅರ್ಧ ಸೋಲೋ ಬರೆದುಕೊಟ್ಟೇನು.

ಆದರೆ ಹಾಡು ಆರು ನಿಮಿಷ ಹತ್ತಿರ ಕಾಯಿಸಿ ಆಮೇಲೆ ಸೋಲೋ ಕೊಡುತ್ತದೆ. ಅಷ್ಟು ಕಾದವರಿಗೆ ಏನು ಕೊಟ್ಟರೂ ಅಮೃತವೇ. ನನ್ನ ತಕರಾರು ಅದು.

ಯಾರು ಅತಿ ವೇಗ? ವೇಗ ಮುಖ್ಯ ಅಲ್ಲವಾ?

ಈ ಪ್ರಶ್ನೆ ಕೇಳುವವರೆಲ್ಲ ಹದಿನಾರರ ಆಸುಪಾಸಿನವರು. ವೇಗ ಬೇಕಾದರೆ ಎಡ್ಡಿ ವ್ಯಾನ್ ಹೇಲನ್ ಅವರ ‘ಇರಪ್ಷನ್’, 1978, ಎರಡು ನಿಮಿಷವೂ ಇಲ್ಲ. ಬಲಗೈ ಬೆರಳನ್ನೂ ಫ್ರೆಟ್ (ಗಿಟಾರಿನ ಕುತ್ತಿಗೆಯ ಲೋಹದ ಮೆಟ್ಟು) ಮೇಲೆ ಬಡಿದು ನುಡಿಸುವ ಟ್ಯಾಪಿಂಗ್ ಅನ್ನು ಮನೆಮಾತು ಮಾಡಿದ್ದು ಅದೇ. ಸ್ಟುಡಿಯೋದಲ್ಲಿ ಕೈ ಬಿಸಿ ಮಾಡಿಕೊಳ್ಳಲು ನುಡಿಸುತ್ತಿದ್ದದ್ದನ್ನು ಕೇಳಿ ರೆಕಾರ್ಡ್ ಮಾಡಿಕೊಂಡರು. ಅದ್ಭುತ ಹೌದು, ಆದರೆ ಅದರ ಅಡಿಯಲ್ಲಿ ಹಾಡೇ ಇಲ್ಲವಲ್ಲ. ಇದೇ ಎಡ್ಡಿ 1982ರಲ್ಲಿ ಮೈಕೆಲ್ ಜಾಕ್ಸನ್‌ರ ‘ಬೀಟ್ ಇಟ್’ಗೆ ಸಂಭಾವನೆ ತೆಗೆದುಕೊಳ್ಳದೆ ನುಡಿಸಿದ ಸೋಲೋ ನನಗೆ ಹೆಚ್ಚು ಇಷ್ಟ, ಅರ್ಧ ನಿಮಿಷದಲ್ಲಿ ಹಾಡನ್ನೇ ಎತ್ತಿ ಕುಕ್ಕುತ್ತದೆ.

ವೇಗಕ್ಕೂ ಕಾರ್ಡಿಗೂ ಹೊಂದಾಣಿಕೆ ಇರುವುದು ಬೇಕಾದರೆ ಡೀಪ್ ಪರ್ಪಲ್‌ನ ‘ಹೈವೇ ಸ್ಟಾರ್’, 1972. ರಿಚಿ ಬ್ಲ್ಯಾಕ್‌ಮೋರ್ ಸೋಲೋವನ್ನು ಮೊದಲೇ ಸ್ವರ ಸ್ವರವಾಗಿ ಕಟ್ಟಿಟ್ಟುಕೊಂಡಿದ್ದರು. ಕಾರ್ಡ್ ಸಾಲು ಬಾಖ್ ಸಂಗೀತದ ಜಾಡಿನದ್ದು. ಮತ್ತೆ ಡೈರ್ ಸ್ಟ್ರೈಟ್ಸ್‌ನ ‘ಸುಲ್ತಾನ್ಸ್ ಆಫ್ ಸ್ವಿಂಗ್’, 1978. ಮಾರ್ಕ್ ನಾಫ್ಲರ್ ಪ್ಲೆಕ್ಟ್ರಮ್ (ತಂತಿ ಮೀಟುವ ಚಿಪ್ಪು) ಹಿಡಿಯದೆ ಬರಿಬೆರಳಿನಲ್ಲಿ ನುಡಿಸುತ್ತಾರೆ, ವೀಣೆಯವರಿಗೆ ಇದು ಕೂಡಲೇ ಹಿಡಿಸುತ್ತದೆ. ಕೊನೆಯಲ್ಲಿ ಡಿ ಮೈನರ್, ಬಿ ಫ್ಲಾಟ್, ಸಿ ಕಾರ್ಡುಗಳನ್ನು ಪಟಪಟನೆ ಒಡೆಯುವ ಜಾಗ ಬರುತ್ತದೆ, ಅಲ್ಲಿ ಗಿಟಾರ್ ಕೇಳಿದರೆ ಸಾಕು, ಬೇಸ್ ಬೇರೆ ಹುಡುಕಬೇಕಾಗಿಲ್ಲ.

ಗಿಟಾರಿನಲ್ಲಿ ಗಮಕ ಬರುತ್ತದಾ?

ತಂತಿಯನ್ನು ಪಕ್ಕಕ್ಕೆ ಎಳೆದರೆ ಬಿಗಿ ಹೆಚ್ಚಿ ಸ್ವರ ಏರುತ್ತದೆ; ಅದೇ ಬೆಂಡ್. ವೀಣೆಯಲ್ಲಿ ಮಾಡುವುದೂ ಅದನ್ನೇ. ಕಷ್ಟ ಎಲ್ಲಿ ಅಂದರೆ, ಗಿಟಾರಿನ ಫ್ರೆಟ್ ತಗ್ಗು, ಬೆರಳು ಮರಕ್ಕೆ ಒರೆಸುತ್ತದೆ. ವೀಣೆಯ ಮೆಟ್ಟು ಎತ್ತರ, ಬೆರಳಿನಡಿ ಗಾಳಿ ಮಾತ್ರ. ಅದಕ್ಕೇ ಕೆಲವರು ಫ್ರೆಟ್‌ಗಳ ನಡುವಿನ ಮರವನ್ನು ತೋಡಿಸುತ್ತಾರೆ. ಬ್ಲ್ಯಾಕ್‌ಮೋರ್, ಇಂಗ್ವೇ ಮಾಮ್‌ಸ್ಟೀನ್ ಹೀಗೆ ತೋಡಿದ ಗಿಟಾರ್ ಬಳಸಿದವರು. ಜಾನ್ ಮೆಕ್‌ಲಾಫ್ಲಿನ್ ‘ಶಕ್ತಿ’ ತಂಡದಲ್ಲಿ ಝಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಜೊತೆ ಕೂತಾಗ ಅವರ ಗಿಟಾರಿಗೂ ಇದೇ ಚಿಕಿತ್ಸೆ.

ಪರದೇಶಿ ವಾದ್ಯದಲ್ಲಿ ಗಮಕ ಬರುತ್ತದಾ ಅಂತ ಕೇಳುವ ಹಕ್ಕು ನಮ್ಮ ಕರಾವಳಿಯವರಿಗೆ ಇಲ್ಲವೇ ಇಲ್ಲ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನೇ ತಿದ್ದಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡ ಊರುಗಳಿವು. ಕೇರಳದ ಕಡೆಯಿಂದಲೇ ಬೇಕಾದರೆ ಕೊಚ್ಚಿಯ ಮದರ್‌ಜೇನ್ ತಂಡದ ‘ಮಕ್ತೂಬ್’ ಕೇಳಿ. ಬೈಜು ಧರ್ಮಜನ್ ಅವರ ಗಿಟಾರ್ ರಾಕ್ ಬಿಟ್ಟುಕೊಡದೆ ಗಮಕದ ಜಾಡು ಹಿಡಿಯುತ್ತದೆ.

ಈ ಸೋಲೋಗಳು ಯಾವ ರಾಗ?

ರಾಕ್ ಗಿಟಾರಿನ ಅನ್ನ ನೀರು ಮೈನರ್ ಪೆಂಟಾಟಾನಿಕ್. ಸ ಗ₂ ಮ₁ ಪ ನಿ₂, ಅಂದರೆ ಶುದ್ಧ ಧನ್ಯಾಸಿಯ ಸ್ವರಗಳು. ಮೇಜರ್ ಪೆಂಟಾಟಾನಿಕ್ ಅಂದರೆ ಮೋಹನದ ಸ್ವರಗಳು. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಅಲ್ಲ, ಇದನ್ನು ನಿಮ್ಮ ಟೀಚರ್ ಎದುರು ಹೇಳಿ ಬೈಸಿಕೊಳ್ಳಬೇಡಿ.

ಮೆಟಲ್ (ರಾಕ್‌ನ ಅಬ್ಬರದ ಕವಲು) ಬಗ್ಗೆ ಒಂದೂ ಮಾತಿಲ್ಲವಲ್ಲ?

ಬಂತು. ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನಮ್ಮ ಕಡೆಯಿಂದಲೂ ರಾತ್ರಿ ಬಸ್ಸು ಹಿಡಿದು ಹೋದವರಿದ್ದಾರೆ. ಅವರ ಹತ್ತಿರ ಈಗಲೂ ಆ ಟೀಶರ್ಟ್ ಉಂಟು, ಮೈಗೆ ಹಿಡಿಸುವುದಿಲ್ಲ ಅಷ್ಟೆ. ಮೆಟಾಲಿಕಾದ್ದು ಒಂದೇ ಆರಿಸಬೇಕೆಂದರೆ ‘ಫೇಡ್ ಟು ಬ್ಲ್ಯಾಕ್’, 1984, ಕರ್ಕ್ ಹ್ಯಾಮೆಟ್ ಕೊನೆಯಲ್ಲಿ ನುಡಿಸುವುದು. ಮೇಡನ್‌ನಲ್ಲಿ ಸೋಲೋಗಿಂತ ಜೋಡಿ ಗಿಟಾರಿನ ರಾಗಗಳೇ ಚಂದ, ಯಾವ ಹಾಡಾದರೂ ಆದೀತು.

ಕಲಿಯುವವರು ಮೊದಲು ಯಾವ ಸೋಲೋ ನುಡಿಸಬೇಕು?

ನಿರ್ವಾಣದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’, 1991. ಕರ್ಟ್ ಕೋಬೇನ್ ಅಲ್ಲಿ ತಾನು ಹಾಡಿದ ಧಾಟಿಯನ್ನೇ ಗಿಟಾರಿನಲ್ಲಿ ಮತ್ತೆ ನುಡಿಸುತ್ತಾರೆ, ಹೆಚ್ಚುವರಿ ಸರ್ಕಸ್ ಇಲ್ಲ. ಹಾಡು ಬಾಯಿಗೆ ಬರುತ್ತದೆ ಅಂದರೆ ಸೋಲೋ ತಲೆಯಲ್ಲಿ ಉಂಟು ಅಂತಲೇ ಲೆಕ್ಕ. ಅದಾದ ಮೇಲೆ ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸೋಡಿ’. 1975ರ ಈ ಹಾಡಿನಲ್ಲಿ ಬ್ರಯಾನ್ ಮೇ ಇದಕ್ಕೆ ಉಲ್ಟಾ ಮಾಡಿದರು: ಫ್ರೆಡ್ಡಿ ಹಾಡಿದ ಅದೇ ಕಾರ್ಡುಗಳ ಮೇಲೆ ಬೇರೆಯದೇ ಒಂದು ಧಾಟಿ ಕಟ್ಟಿದರು. ಎರಡನ್ನೂ ಬೆನ್ನಿಗೆ ಬೆನ್ನು ನುಡಿಸಿದರೆ ಕಾರ್ಡ್ ಅಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ.

ಅಂದಹಾಗೆ ಮೇ ಅವರ ಗಿಟಾರ್ ಅಂಗಡಿಯದ್ದಲ್ಲ. ಹುಡುಗನಾಗಿದ್ದಾಗ ಅಪ್ಪನ ಜೊತೆ ಸೇರಿ ಮನೆಯಲ್ಲೇ ಮಾಡಿದ್ದು: ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಟ್ರೆಮೊಲೋಗೆ (ಸ್ವರ ಅಲುಗಿಸುವ ಸನ್ನೆ) ಹಳೆಯ ಮೋಟರ್‌ಬೈಕಿನ ವಾಲ್ವ್ ಸ್ಪ್ರಿಂಗ್, ಫ್ರೆಟ್ ಗುರುತಿಗೆ ಅಮ್ಮನ ಡಬ್ಬದ ಮುತ್ತಿನ ಗುಂಡಿಗಳು. ಪ್ಲೆಕ್ಟ್ರಮ್ ಬದಲು ಆರು ಪೆನ್ಸ್ ನಾಣ್ಯ. ‘ದುಬಾರಿ ಗಿಟಾರ್ ಇಲ್ಲದೆ ಆಗುವುದಿಲ್ಲ’ ಅನ್ನುವ ಮಗನಿಗೆ ಅಪ್ಪಂದಿರು ಈ ಪ್ಯಾರಾ ತೋರಿಸಬಹುದು.

ಒಂದೇ ಸ್ವರ ಅಷ್ಟು ಹೊತ್ತು ನಿಲ್ಲುವುದು ಹೇಗೆ? ಎಡಿಟಿಂಗಾ?

ಅಲ್ಲ. ಆಂಪ್ಲಿಫೈಯರ್ ಜೋರಾಗಿದ್ದರೆ ಸ್ಪೀಕರಿನ ಶಬ್ದವೇ ತಂತಿಯನ್ನು ಮತ್ತೆ ಅದುರಿಸುತ್ತದೆ. ಅದುರಿದ ತಂತಿ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಸರಿಯಾದ ಜಾಗದಲ್ಲಿ ನಿಂತರೆ ಸ್ವರ ಸಾಯುವುದೇ ಇಲ್ಲ. ಗ್ಯಾರಿ ಮೂರ್ ‘ಪ್ಯಾರಿಸಿಯನ್ ವಾಕ್‌ವೇಸ್’ ಲೈವ್ ನುಡಿಸುವಾಗ ಒಂದೇ ಸ್ವರ ಹಿಡಿದು ನಿಲ್ಲುವುದನ್ನು ನೋಡಿ. ಮನೆಯಲ್ಲಿ ಪ್ರಯತ್ನಿಸಿದರೆ ಪಕ್ಕದ ಮನೆಯವರು ಮೂರು ಭಾಷೆಯಲ್ಲಿ ಬೈಯುತ್ತಾರೆ, ಕಾಸರಗೋಡಿನಲ್ಲಿ ಅದೊಂದು ಸೌಲಭ್ಯ.

ಮಳೆಗಾಲದಲ್ಲಿ ತಂತಿ ತುಕ್ಕು ಹಿಡಿಯುತ್ತದೆ, ಎಂತ ಮಾಡುವುದು?

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು, ಮೇಲಿಂದ ಸಮುದ್ರದ ಉಪ್ಪು ಗಾಳಿ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಪ್ರತಿ ತಂತಿಯನ್ನೂ ಅಡಿಯಿಂದ ಹಿಡಿದು ಒರೆಸಿ. ಮೇಲಿನಿಂದ ಮಾತ್ರ ಒರೆಸಿದರೆ ಬೆವರು ಕೆಳಗೇ ಉಳಿಯುತ್ತದೆ. ಗಿಟಾರನ್ನು ಗೋಡೆಗೆ ತೂಗು ಹಾಕಬೇಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗೋಡೆಗಳೇ ಬೆವರುತ್ತವೆ. ಪೆಟ್ಟಿಗೆಯಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಲೇಪನವಿರುವ ತಂತಿ ದುಬಾರಿ, ಆದರೆ ಇಲ್ಲಿ ಲಾಭವೇ. ಬೆಂಡ್ ಕಲಿಯುವವರು 9ರ ಸೆಟ್ (ತೆಳು ತಂತಿ) ಕೊಳ್ಳಿ, ದಪ್ಪ ತಂತಿ ಎಳೆದು ಬೆರಳು ಸೀಳಿಕೊಳ್ಳಬೇಡಿ.

ಹೆಂಡ್ರಿಕ್ಸ್ ಬಿಟ್ಟಿರಿ! ‘ನವೆಂಬರ್ ರೇನ್’ ಬಿಟ್ಟಿರಿ! ‘ಫ್ರೀ ಬರ್ಡ್’?

ಹೆಂಡ್ರಿಕ್ಸ್‌ರನ್ನು ಬಿಟ್ಟಿಲ್ಲ, ಕೊನೆಗೆ ಇಟ್ಟದ್ದು. ‘ಆಲ್ ಅಲಾಂಗ್ ದ ವಾಚ್‌ಟವರ್’, 1968. ಮೂಲ ಬಾಬ್ ಡಿಲನ್‌ರದ್ದು, ಹಿಂದಿನ ವರ್ಷದ್ದು, ಗಿಟಾರೂ ಮೌತ್ ಆರ್ಗನ್ನೂ ಇರುವ ಸರಳ ಹಾಡು. ಹೆಂಡ್ರಿಕ್ಸ್ ಮೂರೇ ಕಾರ್ಡಿನ ಮೇಲೆ ನಾಲ್ಕು ತುಂಡಿನ ಸೋಲೋ ಕಟ್ಟಿದರು: ಮೊದಲು ಸೀದಾ, ಆಮೇಲೆ ಸ್ಲೈಡ್ (ತಂತಿಯ ಮೇಲೆ ಗಟ್ಟಿ ವಸ್ತು ಜಾರಿಸುವುದು), ಆಮೇಲೆ ವಾ-ವಾ (ಕಾಲಿನ ಪೆಡಲಿನಿಂದ ದನಿ ಬದಲಿಸುವುದು), ಕೊನೆಗೆ ಕಾರ್ಡುಗಳಲ್ಲೇ. ಅವೇ ಮೂರು ಕಾರ್ಡ್ ಸುತ್ತುತ್ತಿದ್ದಾಗ ದನಿಯನ್ನೇ ಬದಲಿಸಬೇಕು ಅಂತ ಅವರಿಗೆ ಗೊತ್ತಿತ್ತು.

‘ಫ್ರೀ ಬರ್ಡ್’ 1973, ಲಿನರ್ಡ್ ಸ್ಕಿನರ್ಡ್. ಕಾರು ಓಡಿಸುವಾಗ ಮಾತ್ರ ಹಾಕಬೇಡಿ, ವೇಗಮಿತಿ ನೆನಪಿರುವುದಿಲ್ಲ. ‘ನವೆಂಬರ್ ರೇನ್’ನಲ್ಲಿ ಗನ್ಸ್ ಎನ್ ರೋಸಸ್ ತಂಡದ ಗಿಟಾರಿನವ ಸ್ಲ್ಯಾಶ್ ಮರುಭೂಮಿಯ ಒಂಟಿ ಇಗರ್ಜಿಯ ಹೊರಗೆ ನಿಂತು ನುಡಿಸುವ ವಿಡಿಯೋ ನೋಡಿ ಗಿಟಾರ್ ಕೊಂಡವರು ಬೇಳದಿಂದ ಮಂಜೇಶ್ವರದವರೆಗೆ ಇದ್ದಾರೆ. ಮೊದಲ ಸೋಲೋ ಚಿನ್ನ, ಯಾರು ಬೇಕಾದರೂ ಗುನುಗಬಹುದು. ಕೊನೆಯದ್ದರಲ್ಲಿ ವಾದ್ಯವೃಂದ, ಪಿಯಾನೋ, ಗಿಟಾರ್ ಎಲ್ಲ ಒಟ್ಟಿಗೆ ಬಂದು ಬೇಸ್ ಎಲ್ಲಿ ಹೋಯಿತು ಅಂತಲೇ ನನಗೆ ಕೇಳಿಸುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಕೆಳಗೆ.